15 ಕಿಲೋಮೀಟರ್ ಒಳಗಿನ ಮಾತು

ಊರಿನವರೇ ತಮ್ಮ ಸುತ್ತಲಿನವರಿಗಾಗಿ ನಡೆಸುವ ಸಮುದಾಯ ರೇಡಿಯೊದಲ್ಲಿ ಸಂದರ್ಶನ ಮಾಡಲು ಕಲಿಯುವವರು ಮೊದಲು ಒಂದು ಲೆಕ್ಕ ತಿಳಿದುಕೊಳ್ಳಬೇಕು. ಇಂಥ ಕೇಂದ್ರಕ್ಕೆ ಸಿಗುವ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವುದಿಲ್ಲ. ಆಂಟೆನಾ ನೆಲದಿಂದ 30 ಮೀಟರ್‌ಗಿಂತ ಎತ್ತರ ಹೋಗುವಂತಿಲ್ಲ. ಅಷ್ಟರಲ್ಲಿ ದನಿ ತಲುಪುವುದು ಸುತ್ತಲಿನ 10–15 ಕಿಲೋಮೀಟರ್ ಮಾತ್ರ. ಅಂದರೆ ನೀವು ಎದುರು ಕೂರಿಸಿಕೊಂಡು ಮಾತಾಡಿಸುವ ಮನುಷ್ಯ, ಅವರ ಅಳಿಯ, ಅವರಿಗೆ ಸಾಲ ಕೊಟ್ಟವರು, ಅವರ ಜಮೀನಿನ ಬದು ಒತ್ತಿದವರು, ಎಲ್ಲರೂ ಆ ಸುತ್ತಳತೆಯ ಒಳಗೇ ಇರುತ್ತಾರೆ. ಎಲ್ಲರಿಗೂ ಕೇಳಿಸುತ್ತದೆ. ನೀವೂ ಅಲ್ಲೇ ಇರುತ್ತೀರಿ. ಸಂತೆ ದಿನ ಟೊಮೇಟೊ ಆರಿಸುವಾಗ ಪಕ್ಕದಲ್ಲೇ ಸಿಗುತ್ತೀರಿ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನ ಸಮುದಾಯ ರೇಡಿಯೊದಲ್ಲಿ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಸ್ವಯಂಸೇವಕಿ. ಸಂಬಳವಿಲ್ಲ. ಕಾಫಿ ಸಿಗುತ್ತದೆ. ಅತಿಥಿಗಳನ್ನು ಮಾತಾಡಿಸುವ ಕೆಲಸ ಕಲಿಯುತ್ತಾ ಕಲಿಯುತ್ತಾ ನನಗೆ ಗಟ್ಟಿಯಾದ ಒಂದು ನಂಬಿಕೆ ಬಂದಿದೆ. ಈ 15 ಕಿಲೋಮೀಟರ್ ಅನ್ನುವುದು ಕೊರತೆ ಅಲ್ಲ. ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದನ್ನು ಕಲಿಸುವುದೇ ಅದು. ಈ ಬರಹದಲ್ಲಿ ಹೇಳಬೇಕು ಅಂದುಕೊಂಡಿರುವುದೂ ಅದನ್ನೇ.

ಸ್ವಲ್ಪ ಹಿಂದಿನ ಕಥೆ. ನಮ್ಮ ಕಡೆಯವರಿಗೆ ಮನೆಯಿಂದಲೇ ರೇಡಿಯೊ ನಡೆಸುವುದು ಹೊಸದೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಆ ಕೇಂದ್ರದ್ದು. ಆಮೇಲೆ ಅದು ಇಡೀ ದೇಶದ ರೇಡಿಯೊಗೆ ಹೆಸರಾಯಿತು. ಆದರೆ ಜನಸಾಮಾನ್ಯರು ತಾವೇ ಕೇಂದ್ರ ನಡೆಸುವ ಅವಕಾಶ ಬಹಳ ತಡವಾಗಿ ಬಂತು. ಗಾಳಿಯಲ್ಲಿ ಹೋಗುವ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸಮುದಾಯ ರೇಡಿಯೊಗೆ ಮೊದಲು ಅನುಮತಿ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗೆ. ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆದದ್ದು 2006ರಲ್ಲಿ.

ಈ ನಡುವಿನ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇಲ್ಲ ಅಂತ ಅವರು ಕೈಕಟ್ಟಿ ಕೂರಲಿಲ್ಲ. ‘ನಮ್ಮ ಧ್ವನಿ’ ಅಂತ ಹೆಸರಿಟ್ಟು ಕಾರ್ಯಕ್ರಮ ಮಾಡಿದರು. ಕೇಬಲ್ ತಂತಿಯಲ್ಲಿ ಮನೆಗಳಿಗೆ ಕಳಿಸಿದರು, ಧ್ವನಿವರ್ಧಕದಲ್ಲಿ ಕೇಳಿಸಿದರು. ಹೆಂಗಸರ ಸ್ವಸಹಾಯ ಸಂಘಗಳು ಅದರ ಬೆನ್ನಿಗಿದ್ದವು. ಆಮೇಲೆ ಬೆಂಗಳೂರಿನ ರೇಡಿಯೊ ಆಕ್ಟಿವ್, ಮಂಗಳೂರಿನ ರೇಡಿಯೊ ಸಾರಂಗ್, ಸರಗೂರಿನ ಜನಧ್ವನಿ, ಒಂದೊಂದೇ ಬಂದವು. ರೇಡಿಯೊ ಆಕ್ಟಿವ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ಮೈಕಿನ ಮುಂದೆ ಕೂತು ಕಾರ್ಯಕ್ರಮ ನಡೆಸಿದರು. ಸಾರಂಗ್‌ನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಕೇಳುತ್ತದೆ.

ಈಗ ಕೆಲಸಕ್ಕೆ ಬರೋಣ.

ನಮ್ಮ ಕೇಂದ್ರದಲ್ಲಿ ನನಗೆ ಕಲಿಸಿದವರು ಒಬ್ಬ ಅಕ್ಕ. ಹತ್ತನೇ ಕ್ಲಾಸಿನವರೆಗೆ ಓದಿದವರು. ಅವರಷ್ಟು ಚೆನ್ನಾಗಿ ಜನರನ್ನು ಮಾತಾಡಿಸುವವರನ್ನು ನಾನು ಇನ್ನೂ ನೋಡಿಲ್ಲ. ಅವರು ಹೇಳಿದ ಮೊದಲ ಮಾತು: “ಮೇಡಂ, ಕ್ಲಾಸಲ್ಲಿ ನೀವು ಕೇಳೋ ಪ್ರಶ್ನೆಗೆ ಉತ್ತರ ನಿಮಗೆ ಮೊದಲೇ ಗೊತ್ತಿರುತ್ತೆ. ಇಲ್ಲಿ ಗೊತ್ತಿಲ್ಲದ್ದನ್ನ ಕೇಳಿ.” ಕೇಳಲು ಸುಲಭ, ಅಲ್ವಾ? ಆದರೆ ಗೊತ್ತಿಲ್ಲದ್ದನ್ನು ಕೇಳಬೇಕಾದರೆ ಏನು ಗೊತ್ತಿಲ್ಲ ಅನ್ನುವುದು ನಮಗೆ ಸ್ಪಷ್ಟವಾಗಿರಬೇಕು. ಅದಕ್ಕೆ ಮೊದಲೇ ಅವರ ಮನೆಗೆ, ಹೊಲಕ್ಕೆ, ಅಂಗಡಿಗೆ ಹೋಗಿ ಬರಬೇಕು. ರೆಕಾರ್ಡರ್ ಇಲ್ಲದೆ ಸುಮ್ನೆ ಕೂತು ಬರಬೇಕು. ನಮ್ಮಲ್ಲಿ ಇದು ಕಡ್ಡಾಯ.

ಮೊದಲ ಪ್ರಶ್ನೆ ಬಗ್ಗೆಯೂ ಅಕ್ಕನಿಗೆ ಖಡಕ್ ಅಭಿಪ್ರಾಯ ಇದೆ. “ನಿಮ್ಮ ಪರಿಚಯ ಮಾಡ್ಕೊಳ್ಳಿ” ಅಂದರೆ ಜನ ಅರ್ಜಿ ತುಂಬುವ ದನಿಗೆ ಹೋಗುತ್ತಾರೆ. ಹೆಸರು, ತಂದೆ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು. ಬೆನ್ನು ನೆಟ್ಟಗಾಗುತ್ತದೆ, ಮಾತು ಬಿಗಿಯಾಗುತ್ತದೆ. ಪರಿಚಯವನ್ನು ನಾವೇ ಆಮೇಲೆ ಬೇರೆಯಾಗಿ ಓದಿ ಸೇರಿಸಬಹುದು. ಅದರ ಬದಲು, “ಇವತ್ತು ಬೆಳಿಗ್ಗೆಯಿಂದ ಏನೇನ್ ಕೆಲಸ ಆಯ್ತು?” ಅಂತ ಕೇಳಿ. ಎಮ್ಮೆ ಹಾಲು ಕರೆದದ್ದು, ಡೇರಿಯಲ್ಲಿ ಕ್ಯೂ ಇದ್ದದ್ದು, ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದದ್ದು, ಎಲ್ಲ ಬರುತ್ತದೆ. ಅಷ್ಟು ಹೇಳುವಷ್ಟರಲ್ಲಿ ಮೈಕ್ ಮರೆತುಹೋಗಿರುತ್ತದೆ.

ಮೈಕಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಯಿಂದ ಸುಮಾರು ಒಂದು ಗೇಣು ದೂರ ಇರಬೇಕು. ನೇರ ಬಾಯಿಗೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಓರೆ ಮಾಡಬೇಕು. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಹೊಡೆದು ‘ಭತ್ತ’ ಅನ್ನುವ ಮಾತು ಗುದ್ದಿದಂತೆ ಕೇಳುತ್ತದೆ. ಭತ್ತ ಬೆಳೆಯುವ ಸೀಮೆಯಲ್ಲಿ ಇದು ಸಣ್ಣ ತೊಂದರೆಯಲ್ಲ! ಫ್ಯಾನ್ ಆರಿಸಬೇಕು. ಫ್ರಿಜ್ ಇದ್ದರೆ ಸ್ವಲ್ಪ ಹೊತ್ತು ಬಂದ್ ಮಾಡಿಸಬೇಕು, ಹೊರಡುವಾಗ ನೆನಪಿಟ್ಟು ಹಾಕಬೇಕು. ಮೊಬೈಲನ್ನು ದೂರ ಇಡಬೇಕು. ಕೊನೆಯಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಬೇಕು. ಎಡಿಟ್ ಮಾಡುವಾಗ ಎರಡು ಮಾತು ಜೋಡಿಸುವ ಕಡೆ ಅದು ಬೇಕಾಗುತ್ತದೆ.

ಇನ್ನು ಬಳೆ. ಹಳ್ಳಿಯ ಹೆಂಗಸರನ್ನು ಮಾತಾಡಿಸುವಾಗ ಗಾಜಿನ ಬಳೆ ಮೇಜಿಗೆ ತಾಗಿ ಪ್ರತಿ ಮಾತಿಗೂ ಕಿಣಿ ಕಿಣಿ ಅನ್ನುತ್ತದೆ. ರೆಕಾರ್ಡಿಂಗ್ ತರಬೇತಿಯಲ್ಲಿ ಆಭರಣ ತೆಗೆಸಿ ಅಂತ ಹೇಳಿಕೊಡುತ್ತಾರೆ. ಅಕ್ಕ ಅದನ್ನು ಒಪ್ಪುವುದೇ ಇಲ್ಲ. ಮುತ್ತೈದೆಯ ಕೈಬಳೆ ತೆಗೆಸುವುದಾ? ಅದರ ಅರ್ಥ ಏನು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮ ಚೀಲದಲ್ಲಿ ಯಾವಾಗಲೂ ಒಂದು ದಪ್ಪ ಟವಲ್ ಇರುತ್ತದೆ. ಮೇಜಿನ ಮೇಲೆ ಹಾಸುತ್ತೇವೆ, ಇಲ್ಲವೇ ಅವರ ಮಡಿಲಲ್ಲಿ ಇಟ್ಟು ಕೈ ಅದರ ಮೇಲೆ ಇಡಿ ಅನ್ನುತ್ತೇವೆ. ಅಷ್ಟಾದರೂ ಒಂದೆರಡು ಸಲ ಬಳೆ ಸದ್ದು ಬಂದರೆ ಬರಲಿ. ಕೇಳುವವರ ಕೈಯಲ್ಲೂ ಅದೇ ಬಳೆ ಇದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಬೇಕಾದದ್ದು ಹೂಂಗುಟ್ಟದೆ ಇರುವುದಕ್ಕೆ. ನಮ್ಮಲ್ಲಿ ಕಥೆ ಹೇಳುವವರಿಗೆ ಹೂಂ ಅನ್ನುವವರು ಬೇಕೇ ಬೇಕು. ಅಜ್ಜಿ ಕಥೆ ಹೇಳುವಾಗ ಮೊಮ್ಮಗು ಹೂಂ ಅನ್ನುವುದು ನಿಲ್ಲಿಸಿದರೆ ನಿದ್ದೆ ಬಂತು ಅಂತ ಕಥೆಯೇ ನಿಂತುಹೋಗುತ್ತದೆ. ಆದರೆ ರೇಡಿಯೊದಲ್ಲಿ ಅತಿಥಿಯ ಪ್ರತಿ ವಾಕ್ಯದ ಮೇಲೂ ನಮ್ಮ ಹೂಂ ಬಿದ್ದರೆ ಕೇಳುವವರಿಗೆ ಕಿರಿಕಿರಿ. ಎಡಿಟ್ ಮಾಡಲೂ ಆಗುವುದಿಲ್ಲ. ಹಾಗಂತ ಕಲ್ಲಿನಂತೆ ಕೂತರೆ ಎದುರಿನವರಿಗೆ ಮಾತೇ ಹೊರಡುವುದಿಲ್ಲ. ಹಾಗಾಗಿ ಹೂಂ ಅನ್ನುವುದನ್ನು ಕಣ್ಣಿಗೆ, ಹುಬ್ಬಿಗೆ, ತಲೆಗೆ ವರ್ಗಾಯಿಸಬೇಕು. ಅಕ್ಕ ಕೆಲಸ ಮಾಡುವಾಗ ನೋಡಬೇಕು ನೀವು. ಬಾಯಿಂದ ಒಂದು ಸದ್ದೂ ಇಲ್ಲ. ಮುಖ ಪೂರ್ತಿ ಕೇಳಿಸಿಕೊಳ್ಳುತ್ತಿರುತ್ತದೆ. ಮೊದಲೇ ಅತಿಥಿಗೆ ಹೇಳಿಯೂ ಇರುತ್ತಾರೆ: “ನಾನು ಹೂಂ ಅನ್ನಲ್ಲ ಕಣಜ್ಜ, ಆದ್ರೆ ಕೇಳ್ತಾನೇ ಇರ್ತೀನಿ.”

ಒಂದು ಸಂದರ್ಶನದ ಬಗ್ಗೆ ವಿವರವಾಗಿ ಹೇಳಬೇಕು. ನಮ್ಮ ಪ್ರಸಾರದ ವ್ಯಾಪ್ತಿಯಲ್ಲೇ ಇರುವ ಒಂದು ಹಳ್ಳಿಯ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಹಳೇ ಮೈಸೂರಿನ ಕೆರೆ ಬಯಲುಗಳಲ್ಲಿ ತಲೆಮಾರುಗಳಿಂದ ಬಂದದ್ದು. ಸುಗ್ಗಿಯಲ್ಲಿ ಕಣದಲ್ಲೇ ಅವರಿಗೆ ಭತ್ತದ ಪಾಲು ಕೊಡುತ್ತಿದ್ದರು. ಈಗ ಬೋರ್‌ವೆಲ್ ಬಂದು, ಕೆರೆಗೆ ಹೂಳು ತುಂಬಿ, ಆ ಕೆಲಸ ಬಹಳ ಕಡೆ ಹೆಸರಿಗಷ್ಟೇ ಉಳಿದಿದೆ.

ಅಜ್ಜನನ್ನು ಸ್ಟುಡಿಯೊಗೆ ಕರೆಸಲಿಲ್ಲ. ಕೆರೆ ಏರಿಯ ಮೇಲೇ ಕೂತೆವು. ಅಕ್ಕ ಪ್ರಶ್ನೆ ಕೇಳುವುದು, ನಾನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡರ್ ನೋಡಿಕೊಳ್ಳುವುದು. ಅಕ್ಕ ನೀರುಗಂಟಿಯ ಕೆಲಸ ಅಂದರೆ ಏನು, ನಿಮಗೆ ಇದರ ಬಗ್ಗೆ ಹೆಮ್ಮೆ ಇದೆಯಾ ಅಂತೆಲ್ಲ ಕೇಳಲೇ ಇಲ್ಲ. “ತೂಬು ಎತ್ತೋದು ಹೆಂಗಜ್ಜ? ಎಷ್ಟು ಎತ್ತಿದ್ರೆ ಎಷ್ಟು ನೀರು ಅಂತ ಹೆಂಗೆ ಗೊತ್ತಾಗುತ್ತೆ?” ಅಂದರು. ಅಜ್ಜನ ಎರಡೂ ಕೈ ಮೇಲೆದ್ದವು. ಗೂಟ ಹಿಡಿದಂತೆ ಬೆರಳು ಮಡಚಿ, ಇಷ್ಟು ಎತ್ತಿದರೆ ಒಂದು ಕಾಲುವೆಗೆ, ಇನ್ನಿಷ್ಟು ಎತ್ತಿದರೆ ಎರಡಕ್ಕೆ ಅಂತ ತೋರಿಸಿದರು. ರೇಡಿಯೊದಲ್ಲಿ ಕೈ ಕಾಣುವುದಿಲ್ಲವಲ್ಲ! ಅಕ್ಕ ತಕ್ಷಣ, “ಅಂದ್ರೆ ನಾಲ್ಕು ಬೆರಳಗಲ” ಅಂತ ಮೆಲ್ಲಗೆ ಮಾತಿಗೆ ಸೇರಿಸಿದರು. ಅಜ್ಜ, “ನಾಕ್ ಬೆಳ್ಳು ಜಾಸ್ತಿ ಆಯ್ತು, ಮೂರು” ಅಂತ ತಿದ್ದಿದರು. ಆ ತಿದ್ದುಪಡಿಯಿಂದಾಗಿ ಕೇಳುವವರಿಗೆ ತೂಬು ಕಣ್ಣ ಮುಂದೆ ಬಂತು. ಕಾಣುವುದನ್ನು ಮಾತಾಗಿಸಿ ಅತಿಥಿಯಿಂದಲೇ ಸರಿ ಮಾಡಿಸಿಕೊಳ್ಳುವ ಈ ಉಪಾಯವನ್ನು ಈಗ ನಾನೂ ದಿನಾ ಬಳಸುತ್ತೇನೆ.

ಆಮೇಲೆ ಅಕ್ಕ ಕೇಳಿದರು: “ಮಳೆ ಕೈಕೊಟ್ಟ ವರ್ಷ, ನೀರು ಸಾಲಲ್ಲ ಅಂದ್ರೆ, ಯಾರ ಗದ್ದೆಗೆ ಮೊದಲು ಬಿಡ್ತಿದ್ರಿ?”

ಅಜ್ಜ ಸುಮ್ಮನಾದರು. ಹೆಡ್‌ಫೋನಿನಲ್ಲಿ ಏರಿಯ ಮೇಲಿನ ಗಾಳಿ, ದೂರದಲ್ಲಿ ಯಾವುದೋ ಟಿಲ್ಲರ್ ಸದ್ದು. ನನಗೆ ಆ ಮೌನ ಬಹಳ ಉದ್ದ ಅನ್ನಿಸಿತು. ಅಕ್ಕ ಅಲುಗಾಡಲಿಲ್ಲ, ಇನ್ನೊಂದು ಪ್ರಶ್ನೆ ಹಾಕಲಿಲ್ಲ. ಕೊನೆಗೆ ಅಜ್ಜ ಹೇಳಿದರು: “ಕೇಳಿಸ್ಕೊಳೋರು ಇಲ್ಲೇ ಅವ್ರಲ್ಲವ್ವ.” ಅಕ್ಕ ಅಂದರು: “ಹೌದಜ್ಜ, ಎಲ್ಲಾ ಇಲ್ಲೇ ಅವ್ರೆ. ಬ್ಯಾಡ ಅಂದ್ರೆ ಬ್ಯಾಡ.” ಮತ್ತೆ ಸ್ವಲ್ಪ ಹೊತ್ತು. ಆಮೇಲೆ ಅಜ್ಜನೇ ಶುರು ಮಾಡಿದರು: “ತುದೀ ಗದ್ದೆಗೆ ಮೊದ್ಲು ಬಿಡ್ತಿದ್ದೆ. ತಲೇ ಗದ್ದೆಯೋನು ತೂಬಿನ್ ಪಕ್ಕದಲ್ಲೇ ಅವ್ನೆ, ಸೋರಿದ್ ನೀರೂ ಅವನಿಗೇಯ. ತುದೀಲಿರೋನ್ಗೆ ಯಾರವ್ರೆ?” ಅದಕ್ಕಾಗಿ ತಲೆ ಗದ್ದೆಯವರು ಒಂದು ವರ್ಷ ಕಣದಲ್ಲಿ ಭತ್ತ ಅಳೆಯದೆ ಕಳಿಸಿದ್ದನ್ನೂ ಹೇಳಿದರು. ಯಾರು ಅಂತ ಹೆಸರು ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ.

ಟಿವಿಯಲ್ಲಾಗಿದ್ದರೆ “ಯಾರು ಅವರು, ಹೆಸರು ಹೇಳಿ” ಅಂತ ಬೆನ್ನು ಹತ್ತುತ್ತಿದ್ದರು. ದೂರದ ಊರಿನಲ್ಲಿ ಕೂತು ಕೇಳುವವರಿಗೆ ಆ ಹೆಸರು ಒಂದು ಸುದ್ದಿ. ನಮ್ಮ ಕೇಳುಗರಿಗೆ ಅದು ಬೇಕಾಗಿಯೇ ಇಲ್ಲ. ಅರ್ಧ ಊರಿಗೆ ಗೊತ್ತಿದೆ. ಅವರಿಗೆ ಗೊತ್ತಿಲ್ಲದೇ ಇದ್ದದ್ದು, ಆ ಮುದುಕ ತುದಿ ಗದ್ದೆಗೆ ಮೊದಲು ನೀರು ಬಿಡುತ್ತಿದ್ದದ್ದು ಯಾಕೆ ಅನ್ನುವುದು. ಅದು ರೇಡಿಯೊದಲ್ಲಿ ಬಂತು. ಹೆಸರು ಕೇಳಿದ್ದರೆ ಕಾರಣ ಬರುತ್ತಿರಲಿಲ್ಲ ಅಂತ ನನ್ನ ಖಚಿತ ಅನಿಸಿಕೆ.

ಎಡಿಟಿಂಗ್‌ಗೆ ನಾವು ಬಳಸುವುದು ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್. ಪರದೆಯ ಮೇಲೆ ಮಾತು ಏರಿಳಿತವಾಗಿ ಕಾಣುತ್ತದೆ. ಮೌನ ಬರೀ ಗೆರೆ. ಆ ಗೆರೆಯನ್ನು ಕತ್ತರಿಸಿಬಿಡೋಣ ಅನ್ನಿಸುವುದು ಸಹಜ. ಅಜ್ಜನ ಆ ಮೌನವನ್ನು ನಾವು ಪೂರ್ತಿ ಉಳಿಸಿಕೊಂಡೆವು. “ಕೇಳಿಸ್ಕೊಳೋರು ಇಲ್ಲೇ ಅವ್ರಲ್ಲವ್ವ” ಅನ್ನುವುದನ್ನು ಇಟ್ಟುಕೊಳ್ಳಬಹುದಾ ಅಂತ ಮತ್ತೆ ಅವರ ಮನೆಗೇ ಹೋಗಿ ಕೇಳಿಸಿ, ಒಪ್ಪಿಗೆ ಪಡೆದೆವು. ಪ್ರಸಾರಕ್ಕೆ ಮೊದಲು ಅತಿಥಿಗೆ ಕೇಳಿಸುವುದು ದೊಡ್ಡ ಪತ್ರಿಕೆ, ಚಾನೆಲ್‌ಗಳ ರೂಢಿಯಲ್ಲ. ನಮ್ಮಂಥ ಕೇಂದ್ರಕ್ಕೆ ಅದು ಸರಿಯಾದ ರೂಢಿ ಅಂತ ನಾನು ವಾದ ಮಾಡುತ್ತೇನೆ. ಸ್ತ್ರೀಶಕ್ತಿ ಸಂಘದ ಒಬ್ಬರು ಸಾಲದ ಕಂತಿನ ಕಷ್ಟ ಹೇಳಿಕೊಂಡು, ಆಮೇಲೆ ಗಂಡನ ಕುಡಿತದ ಭಾಗ ಮಾತ್ರ ಬೇಡ ಅಂದರು. ತೆಗೆದೆವು. ಆ ಭಾಗ ಕಾರ್ಯಕ್ರಮದಲ್ಲೇ ಅತ್ಯಂತ ಗಟ್ಟಿ ಮಾತಾಗಿತ್ತು, ನಿಜ. ಆದರೆ ಅದನ್ನು ಕೇಳಿಸಿಕೊಂಡ ರಾತ್ರಿ ಅದೇ ಮನೆಯಲ್ಲಿ ಮಲಗಬೇಕಾದವರು ಅವರು.

ಭಾಷೆ ಬಗ್ಗೆ ಒಂದು ಮಾತು. ಮೈಕ್ ಕಂಡ ಕೂಡಲೇ ‘ಐತೆ’ ಅನ್ನುವವರು ‘ಇದೆ’ ಅನ್ನತೊಡಗುತ್ತಾರೆ. ಹಾಲು ಹಾಕುವ ಹುಡುಗ ‘ಕ್ಷೀರೋತ್ಪಾದನೆ’ಗೆ ಹೋಗುತ್ತಾನೆ. ಆಕಾಶವಾಣಿಯನ್ನು ಕೇಳಿಕೊಂಡು ಬೆಳೆದವರು ನಾವೆಲ್ಲ, ರೇಡಿಯೊ ಅಂದರೆ ಹೀಗೇ ಮಾತಾಡಬೇಕು ಅಂತ ಮನಸ್ಸಿನಲ್ಲಿ ಕೂತಿದೆ. ಹಾಗೆ ಮಾತಾಡಬೇಡಿ ಅಂತ ಹೇಳಿದರೆ ಅವರಿಗೆ ಮುಜುಗರ. ನಾವೇ ಅವರ ಹಾಗೆ ಮಾತಾಡಲು ಹೋದರೆ ಅಣಕಿಸಿದಂತಾಗುತ್ತದೆ. ನಾನು ಮಾಡುವುದಿಷ್ಟೇ: ನನ್ನ ಮನೆಯಲ್ಲಿ ನಾನು ಹೇಗೆ ಮಾತಾಡುತ್ತೇನೋ ಹಾಗೇ ಕೇಳುತ್ತೇನೆ. ಸ್ವಲ್ಪ ಹೊತ್ತಿಗೆ ಅವರೂ ಅವರ ಮನೆ ಮಾತಿಗೆ ಬರುತ್ತಾರೆ.

ಇದಕ್ಕೆ ವಿರುದ್ಧ ದಿಕ್ಕಿನ ಅತಿಥಿಗಳೂ ಇದ್ದಾರೆ. ಡಾಕ್ಟರು, ಕೃಷಿ ಅಧಿಕಾರಿ, ವಿದ್ಯುತ್ ಕಂಪನಿಯ ಎಂಜಿನಿಯರ್. ತುಂಬಾ ತಿಳಿದವರು. ಕೈಯಲ್ಲಿ ಟೈಪ್ ಮಾಡಿದ ಹಾಳೆ ಹಿಡಿದು ಬರುತ್ತಾರೆ. ಇಲ್ಲಿ ‘ಉತ್ತರ ಗೊತ್ತಿಲ್ಲದ್ದನ್ನು ಕೇಳಿ’ ಅನ್ನುವ ಅಕ್ಕನ ಮಾತು ಸ್ವಲ್ಪ ಬದಲಾಗುತ್ತದೆ. ಉತ್ತರ ನನಗೆ ಗೊತ್ತಿದ್ದರೂ ಕೇಳಬೇಕಾದ ಪ್ರಶ್ನೆಗಳಿವೆ. ಹುಚ್ಚುನಾಯಿ ರೋಗದ ಬಗ್ಗೆ ಒಬ್ಬ ಡಾಕ್ಟರನ್ನು ಮಾತಾಡಿಸುವಾಗ ನಾನು ರೋಗದ ಲಕ್ಷಣ, ವೈರಸ್ ಅಂತ ಶುರು ಮಾಡಲಿಲ್ಲ. “ಡಾಕ್ಟ್ರೇ, ನಾಯಿ ಕಚ್ಚಿದೆ, ಆಸ್ಪತ್ರೆ ದೂರ. ಮನೆಯಲ್ಲಿ ಮೊದಲು ಏನು ಮಾಡ್ಬೇಕು?” ಅಂದೆ. ಅವರು ಹಾಳೆ ಕೆಳಗಿಟ್ಟರು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆಮೇಲೆ ತಡ ಮಾಡದೆ ಲಸಿಕೆಗೆ ಬರಬೇಕು ಅಂದರು. “ಅರಿಶಿನ, ಸುಣ್ಣ ಹಚ್ಚಿದ್ರೆ ಸಾಲಲ್ವಾ?” “ಸಾಲಲ್ಲ. ಏನೂ ಹಚ್ಚಬೇಡಿ.” “ಮನೆಯಲ್ಲಿ ಸಾಕಿದ ನಾಯಿ ಮರೀನೇ ಪರಚಿದ್ರೆ?” “ರಕ್ತ ಬರದೆ ಬರೀ ಗೀರಿದ್ರೂ ತೊಳೆದು ಆಸ್ಪತ್ರೆಗೆ ಬನ್ನಿ, ನಾವು ನೋಡಿ ಹೇಳ್ತೀವಿ.” ಈ ಪ್ರಶ್ನೆಗಳು ಯಾವುವೂ ನನ್ನವಲ್ಲ. ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ, ಡೇರಿ ಮುಂದೆ, ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿ ಬರೆದುಕೊಂಡವು. ಸುದ್ದಿ ಪ್ರಸಾರ ಮಾಡುವ ಹಕ್ಕು ನಮಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಕಬಹುದು ಅಷ್ಟೇ. ಆದರೆ ಹವಾಮಾನ, ಕರೆಂಟು, ನೀರು, ಪರೀಕ್ಷೆ, ರೋಗದ ಎಚ್ಚರಿಕೆ, ಇವೆಲ್ಲ ಹೇಳಲು ಅಡ್ಡಿಯಿಲ್ಲ. ಅಲ್ಲಿಗೆ ದಿನದ ಬದುಕಿಗೆ ಬೇಕಾದ್ದು ಬಹಳಷ್ಟು ಬಂತಲ್ಲ.

ಈಚೆಗೆ ನನಗೆ ಜಾಸ್ತಿ ಕಾಡುತ್ತಿರುವುದು ಈ ರೆಕಾರ್ಡಿಂಗ್‌ಗಳನ್ನು ಉಳಿಸುವ ಪ್ರಶ್ನೆ. ಪ್ರಸಾರವಾದ ಕಾರ್ಯಕ್ರಮಗಳನ್ನು 3 ತಿಂಗಳು ಇಟ್ಟಿರಬೇಕು ಅಂತ ನಿಯಮ ಇದೆ. ಅದು ದೂರು ಬಂದರೆ ನೋಡಲಿಕ್ಕೆ. ಆಮೇಲೆ ಅಳಿಸಿದರೂ ಕೇಳುವವರಿಲ್ಲ. ಕಾರ್ಯಕ್ರಮದ ದುಡ್ಡಿನಲ್ಲಿ ಹಾರ್ಡ್ ಡಿಸ್ಕ್ ಕೊಳ್ಳುವುದು ಸಣ್ಣ ಕೇಂದ್ರಗಳಿಗೆ ಭಾರವೇ. ಆದರೂ ನೀರುಗಂಟಿ ಅಜ್ಜನಂಥವರ ಮೂಲ ರೆಕಾರ್ಡಿಂಗ್, ಕತ್ತರಿಸದ ಪೂರ್ತಿ ಮಾತು, ಯಾವ ಕಾರಣಕ್ಕೂ ಹೋಗಬಾರದು. ಆ ಕೆರೆಯ ನೀರಿನ ಲೆಕ್ಕ ಬೇರೆ ಯಾವ ಕಾಗದದಲ್ಲೂ ಇಲ್ಲ. ಯಾರಾದರೂ ಹಳೆಯ ಲ್ಯಾಪ್‌ಟಾಪು, ಹಾರ್ಡ್ ಡಿಸ್ಕ್ ಇಟ್ಟುಕೊಂಡಿದ್ದರೆ ನಿಮ್ಮ ಹತ್ತಿರದ ಸಮುದಾಯ ರೇಡಿಯೊಗೆ ಕೊಡಿ. ವಾರಕ್ಕೆ ಎರಡು ಗಂಟೆ ಬಿಡುವಿದ್ದರೆ ನೀವೇ ಹೋಗಿ.

ನಮ್ಮ ಕೇಂದ್ರದಲ್ಲಿ ಈಗ ಒಂದು ದೊಡ್ಡ ಲೆಡ್ಜರ್ ಪುಸ್ತಕ ಇಟ್ಟಿದ್ದೇವೆ. ಪ್ರತಿ ಸಂದರ್ಶನಕ್ಕೂ ಒಂದು ಪುಟ. ಅತಿಥಿಯನ್ನು ಊರಿನವರು ಏನಂತ ಕರೆಯುತ್ತಾರೆ, ಎಲ್ಲಿ ಕೂತು ಮಾತಾಡಿದೆವು, ಯಾವ ಭಾಗ ಪ್ರಸಾರ ಮಾಡಬಾರದು ಅಂದರು, ಕಾರ್ಯಕ್ರಮ ಕೇಳಿ ಯಾರು ಏನಂದರು. ಕೊನೆಯ ಸಾಲು, ಮತ್ತೆ ಹೋದಾಗ ಕೇಳಬೇಕಾದ್ದು. ಅಜ್ಜನ ಪುಟದಲ್ಲಿ ಅಕ್ಕ ಬರೆದಿದ್ದಾರೆ: ಹೂಳು ಎತ್ತುವಾಗ ಮನೆಗೊಬ್ಬರು ಬರುತ್ತಿದ್ದರಾ, ಬರದವರಿಗೆ ಏನು ಮಾಡುತ್ತಿದ್ದರು. ಅಜ್ಜಿಯನ್ನೂ ಮಾತಾಡಿಸಬೇಕು, ಕಣದಿಂದ ಬಂದ ಭತ್ತದ ಲೆಕ್ಕ ಇಟ್ಟವರು ಅವರು. ಈ ಸಲ ಪ್ರಶ್ನೆ ಕೇಳುವ ಸರದಿ ನನ್ನದು.